ಅತ್ತೆಯವರಿಗೆ ಕುಡಿಸಿದ ಜಸ್ತದ ಪುಡಿ

ಅಡುಗೆಮನೆಯಲ್ಲಿ ಸ್ಟೋವ್ ಭುಸ್ ಎಂದದ್ದು ಪಡಸಾಲೆಯಲ್ಲಿದ್ದ ನನಗೆ ಕೇಳಿಸಿತು. ಪಂಪು ಹೊಡೆದಾಗಲೆಲ್ಲ ಅದು ಹಾಗೇ ಭುಸುಗುಡುತ್ತಿತ್ತು, ಅದಕ್ಕೇ ಏಳಲಿಲ್ಲ. ಆಮೇಲೆ ಅತ್ತೆ ನನ್ನ ಹೆಸರು ಹಿಡಿದು ಕೂಗಿದರು. ಮದುವೆಯಾಗಿ ಬಂದಾಗಿನಿಂದ ಅವರ ಬಾಯಲ್ಲಿ ನಾನು "ಏ ಹುಡುಗಿ". ನಾಲ್ಕು ಮಕ್ಕಳಾದರೂ ಹುಡುಗಿಯೇ. ಹೆಸರು ಕೇಳಿದ್ದೇ ಎದ್ದೆ.

ಓಡಿದೆ. ಸೆರಗು ಉರಿಯುತ್ತಿತ್ತು.

ಎರಡೂ ಕೈಗಳಿಂದ ಅವರು ಬೆಂಕಿಯನ್ನು ಬಡಿಯುತ್ತಿದ್ದರು. ಸೊಲ್ಲಾಪುರದಲ್ಲಿ ನಮ್ಮದು ಚಾದರಿನ ವ್ಯಾಪಾರ. ಅಂಗಡಿಗೆ ಕಳಿಸಲು ಕಟ್ಟಿಟ್ಟ ಗಂಟಿನಿಂದ ಒಂದನ್ನು ಎಳೆದು ತಂದು ಅವರಿಗೆ ಸುತ್ತಿದೆ. ಕೊಡದ ನೀರು ಸುರಿದೆ. ಬೆಂಕಿ ಆರಿತು. ಅಷ್ಟರಲ್ಲೇ ಆಗಬೇಕಾದದ್ದು ಆಗಿಹೋಗಿತ್ತು. ಕೈಗಳು ಮೊಣಕೈವರೆಗೆ, ಎದೆ, ಕುತ್ತಿಗೆ. ಆಸ್ಪತ್ರೆಯಲ್ಲಿ ಡಾಕ್ಟರರು ನಮ್ಮವರನ್ನು ಬದಿಗೆ ಕರೆದು ಸೀರಿಯಸ್ ಎಂದರು.

ಮರುದಿನ ಪೊಲೀಸಿನವನು ಬಂದ. ಹೆಂಗಸರ ಸರ್ಜಿಕಲ್ ವಾರ್ಡಿನ ಬಾಗಿಲಲ್ಲಿ ನಿಂತು, "ಸುಟ್ಟ ಸೊಸಿ ಯಾರ್ರಿ?" ಎಂದು ಕೇಳಿದ. ತಪ್ಪು ಅವನದಲ್ಲ, ದಿನಾ ಅವನು ನೋಡುವುದೇ ಅದು. ಸಲೈನ್ ಏರಿಸಿಕೊಂಡು ಮಲಗಿದ್ದ ಅತ್ತೆ ಕಣ್ಣು ತೆರೆದರು.

"ಸೊಸಿ ಅಲ್ಲಿ ನಿಂತಾಳ ನೋಡ್ರಿ. ಸುಟ್ಟಾಕಿ ನಾನು. ಆಕೀದೇನೂ ತಪ್ಪಿಲ್ಲ, ಸ್ಟೋವಿಂದ ಬರಕೋರಿ."

ಆ ನೋವಿನಲ್ಲೂ ನನ್ನನ್ನು ಬಿಟ್ಟುಕೊಡಲಿಲ್ಲ. ನಾನು ಹೊರಗೆ ಹೋಗಿ ಅತ್ತುಬಂದೆ.

ಡ್ರೆಸಿಂಗಿನ ಹೊತ್ತನ್ನು ಬರೆಯಲು ಕೈ ಬರುವುದಿಲ್ಲ. ಗಾಯಕ್ಕೆ ಅಂಟಿದ ಬಟ್ಟೆ ಬಿಚ್ಚುವಾಗ ಅವರು ಕಿರುಚುತ್ತಿರಲಿಲ್ಲ, ಶಿವನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರು. ವಾರಗಳು ಕಳೆದವು. ತೊಡೆಯ ಚರ್ಮ ತೆಗೆದು ಎದೆಗೂ ಕೈಗೂ ಹಚ್ಚಿದರು. ಗ್ರಾಫ್ಟ್ ಎನ್ನುತ್ತಾರೆ ಅದಕ್ಕೆ. ಅದು ಹಿಡಿದರೆ ಗಾಯ ಮುಚ್ಚುತ್ತದೆ, ಇಲ್ಲವಾದರೆ ನಂಜು ಏರುತ್ತದೆ ಎಂದಿದ್ದರು.

ಗ್ರಾಫ್ಟ್ ಹಿಡಿಯಲಿಲ್ಲ.

ಒದ್ದೆ ಕಾಗದದಂತೆ ಜಾರಿ ಬಂತು. ಡಾಕ್ಟರರು ಮರಾಠಿಯವರು, ಮಾತು ಕಡಿಮೆ. ಅವತ್ತು ಮಾತ್ರ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಬಿಡಿಸಿ ಹೇಳಿದರು. ಸುಟ್ಟ ಜಾಗದಿಂದ ಸದಾ ನೀರು ಜಿನುಗುತ್ತದೆ. ಅದರ ಜೊತೆ ಮೈಯೊಳಗಿನ ಸತ್ವವೂ ಹರಿದುಹೋಗುತ್ತದೆ. ಅದರಲ್ಲಿ ಝಿಂಕ್ ಎಂಬುದೊಂದು. ಮೈಗೆ ಬೇಕಾದದ್ದು ಚಿಟಿಕೆಯಷ್ಟು, ಆದರೆ ಆ ಚಿಟಿಕೆ ಇಲ್ಲದೆ ಹೊಸ ಚರ್ಮ ಕಟ್ಟುವುದು ಕಷ್ಟವಂತೆ. ಹೊಸ ವಿಚಾರ, ಓದಿದ್ದೇನೆ, ಖಾತ್ರಿ ಕೊಡಲಾರೆ, ಕೊಟ್ಟು ನೋಡೋಣ ಎಂದರು. ಝಿಂಕ್ ಸಲ್ಫೇಟಿನ ಪುಡಿಯನ್ನು ಪುಟ್ಟ ಪೊಟ್ಟಣ ಮಾಡಿಸಿ ಕಳಿಸಿದರು. ನೀರಲ್ಲಿ ಕದಡಿ, ಊಟವಾದ ಮೇಲೆ ಕುಡಿಸಬೇಕು, ಬರಿಹೊಟ್ಟೆಗೆ ಅದು ನಿಲ್ಲುವುದಿಲ್ಲ. ಹೋಗುವಾಗ ಅತ್ತೆಯ ಕಡೆ ಬಾಗಿ, "ಆಜೀ, ಪೋಟಭರ ಜೇವಾಯಚಂ" ಎಂದರು. ಅಜ್ಜಿ ಹೊಟ್ಟೆ ತುಂಬ ಉಣ್ಣಬೇಕು ಎಂದು.

ಝಿಂಕ್ ಎಂದರೆ ಜಸ್ತ ಎಂದು ನಮ್ಮವರು ಬಿಡಿಸಿ ಹೇಳಿದ್ದೇ ತಪ್ಪಾಯಿತು.

"ಬಕೀಟಿಗಿ ಹಚ್ಚೂ ಜಸ್ತಾ? ಅದನ್ನ ನನಗ ಕುಡಸ್ತಿಯೇನೋ?"

"ಬಕೀಟು ತುಕ್ಕು ಹಿಡ್ಯಾಂಗಿಲ್ಲಲ್ಲವ್ವಾ, ಹಂಗ ನೀನೂ," ಎಂದರು ನಮ್ಮವರು. ಅತ್ತೆ ನಕ್ಕರು. ಸುಟ್ಟ ಮೇಲೆ ನಕ್ಕದ್ದು ಅದೇ ಮೊದಲು.

ಕುಡಿದರು. ವಾಂತಿಯಾಯಿತು. ಮರುದಿನವೂ ಕುಡಿದರು, ಮತ್ತೆ ವಾಂತಿ. ಬೆಳಗಿನದು ಹೋಯಿತು, ಮಧ್ಯಾಹ್ನದ್ದೂ ಹೋಯಿತು. ನಾನೂ ಒಂದು ಗುಟುಕು ನಾಲಿಗೆಗೆ ಹಚ್ಚಿ ನೋಡಿದೆ. ಕಿಲುಬು ಹಿಡಿದ ಪಾತ್ರೆ ನೆಕ್ಕಿದ ಹಾಗಿತ್ತು. ನರ್ಸ್ ಪ್ರತಿ ಸಲ ಊಟ ಆಯಿತೇ ಎಂದು ಕೇಳುತ್ತಿದ್ದಳು. ಹೂಂ, ಆತು ಎನ್ನುತ್ತಿದ್ದರು ಅತ್ತೆ. ಡಾಕ್ಟರರು ಹುಬ್ಬು ಗಂಟಿಕ್ಕಿದರು. ಉಂಡ ಮೇಲೂ ನಿಲ್ಲದಿದ್ದರೆ ಬಿಟ್ಟುಬಿಡೋಣ ಎಂದರು.

ಮೈಯೆಲ್ಲ ಕರಗುತ್ತಿತ್ತು. ಅಷ್ಟು ತುಂಬಿದ ಹೆಂಗಸು, ಹಾಸಿಗೆಯಲ್ಲಿ ಹುಡುಕಬೇಕು, ಹಾಗಾದರು. ನಾನು ಉಳಿಸಿಕೊಳ್ಳಲಾರೆ ಎಂದು ಹೆದರಿದ್ದೆ. ಅವರಿಲ್ಲದ ಮನೆಯನ್ನು ಯೋಚಿಸಲೂ ಆಗುತ್ತಿರಲಿಲ್ಲ.

ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಕಳಿಸಲು ನಾನು ಮನೆಗೆ ಹೋಗುತ್ತಿದ್ದೆ. ಹೆಸರುಬೇಳೆ, ಮೊಸರು, ಮೆತ್ತನೆ ರೊಟ್ಟಿ, ಅದಕ್ಕೆ ಶೇಂಗಾಹಿಂಡಿಯ ಚಟ್ನಿಪುಡಿ, ಎಲ್ಲ ಡಬ್ಬಿಗೆ ತುಂಬಿ ಕೊಟ್ಟರೆ ನಮ್ಮವರು ಅಂಗಡಿಗೆ ಹೋಗುವಾಗ ವಾರ್ಡಿನಲ್ಲಿ ಇಟ್ಟು ಹೋಗುತ್ತಿದ್ದರು. ಉಣಿಸುವುದು ಆಯಾಳ ಕೆಲಸ. ನಾನು ಬರುವಷ್ಟರಲ್ಲಿ ಡಬ್ಬಿ ತೊಳೆದಿಟ್ಟ ಹಾಗೆ ಖಾಲಿ. ಸಂಜೆ ನಾನು ತುತ್ತಿಡಲು ಹೋದರೆ ಮಾತ್ರ, "ಮುಂಜಾನಿದೇ ಇನ್ನೂ ಹೊಟ್ಟ್ಯಾಗ ಕುಂತೈತಿ" ಎಂದು ಎರಡು ಚಮಚ ಗಂಜಿಗೆ ಮುಖ ತಿರುಗಿಸುತ್ತಿದ್ದರು.

ಪಕ್ಕದ ಕಾಟಿನಲ್ಲಿ ಕಂದಲಗಾಂವದ ಹೆಂಗಸೊಬ್ಬಳು ಕಾಲು ಮುರಿದುಕೊಂಡು ಮಲಗಿದ್ದಳು. ಒಂದು ಮಧ್ಯಾಹ್ನ, ಅತ್ತೆಗೆ ಕಣ್ಣು ಹತ್ತಿದಾಗ, ನನ್ನನ್ನು ಹತ್ತಿರ ಕರೆದಳು.

"ನಿನ್ನ ಕೈ ಶೇಂಗಾಹಿಂಡಿ ಭಾಳ ರುಚಿ ಐತಿ ನೋಡ ತಂಗಿ. ನಿಮ್ಮತ್ತಿ ಆಯಾನ ಕೈಲೆ ಡಬ್ಬಿ ನನ್ನ ಕಡೆ ಕಳಸ್ತಾಳ, ದಿನಾ ಮುಂಜಾನಿ ಅದಕ್ಕ ಹಾದಿ ಕಾಯ್ತೀನಿ."

ಅತ್ತೆ ಏಳುವುದನ್ನೇ ಕಾದು ಕೂತೆ.

ಎದ್ದ ಮೇಲೆ ಕೇಳಿದೆ. ಸಿಟ್ಟು ಮಾಡಿಯೇ ಕೇಳಿದೆ. "ಡಬ್ಬಿ ಯಾರ ಉಂಡ್ರು ಅತ್ತೀ? ಬರೇ ಹೊಟ್ಟಿಗಿ ಔಷಧ ಕುಡದು, ಡಾಕ್ಟರ್‍ಗ ಸುಳ್ಳು ಹೇಳ್ತೀರಿ?"

ಗೋಡೆ ನೋಡುತ್ತ, "ಪೂಜಿ ಆಗಿಲ್ಲಲ್ಲ. ಹೆಂಗ ಉಣ್ಣಲಿ?" ಎಂದರು.

ಇಷ್ಟಲಿಂಗದ ಪೂಜೆಯಾಗದೆ ಅತ್ತೆ ಜನ್ಮದಲ್ಲಿ ಅನ್ನ ಮುಟ್ಟಿದವರಲ್ಲ. ಎಡಗೈ ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ ಹಚ್ಚಿ, ಹೂವೇರಿಸಿ, ಕಣ್ತುಂಬ ನೋಡಿ, ಆಮೇಲೆಯೇ ಊಟ. ಈಗ ಎರಡೂ ಕೈಗೆ ಬ್ಯಾಂಡೇಜು. ಕುತ್ತಿಗೆಯ ಗಾಯಕ್ಕೆಂದು ಬಿಚ್ಚಿದ ಲಿಂಗ ಮಡಿಬಟ್ಟೆಯಲ್ಲಿ ದಿಂಬಿನ ಪಕ್ಕದಲ್ಲಿತ್ತು. ಗಂಜಿಯೂ ಪುಡಿಯೂ ಔಷಧವಂತೆ, ನಡೆಯುತ್ತದಂತೆ. ರೊಟ್ಟಿ ಅನ್ನವಂತೆ, ನಡೆಯುವುದಿಲ್ಲವಂತೆ. ಈ ಲೆಕ್ಕಾಚಾರದಲ್ಲಿ ಮೈಯನ್ನು ಒಣಗಿಸುತ್ತ ಬಂದಿದ್ದರು.

"ಮೊದಲ ಯಾಕ ಹೇಳಲಿಲ್ರಿ?"

"ಹೇಳಿದ್ರ ನೀವೆಲ್ಲಾ ಕೂಡಿ ಪೂಜಿ ಬ್ಯಾಡ, ಊಟ ಮಾಡು ಅಂತಿದ್ರಿ. ಹೌದಲ್ಲ?"

ಹೌದು, ಅನ್ನುತ್ತಿದ್ದೆವು. ನನ್ನ ಸಿಟ್ಟೆಲ್ಲ ಇಳಿಯಿತು. ನನ್ನ ಎಡಗೈ ಚಾಚಿದೆ. "ನನ್ನ ಅಂಗೈ ಮ್ಯಾಲ ಇಡ್ತೀನ್ರಿ. ನೀವು ನೋಡ್ರಿ."

"ನಿನ್ನ ಲಿಂಗ ನಿನ್ನ ಕೊರಳಾಗ ಐತಿ. ನಂದು ನಿನ್ನ ಕೈಯಾಗ ಹೆಂಗ ಬರತೈತಿ ಹುಡುಗಿ?"

ನಿಜ, ನಮ್ಮಲ್ಲಿ ಒಬ್ಬರ ಲಿಂಗವನ್ನು ಇನ್ನೊಬ್ಬರು ಪೂಜಿಸುವುದಿಲ್ಲ. ಸಂಜೆ ನಮ್ಮವರು ಬಂದು ವಿಷಯ ಕೇಳಿ, ನಾಳೆ ಬಸ್ಸಿಗೆ ಅಕ್ಕಲಕೋಟೆಗೆ ಹೋಗಿ, ಅತ್ತೆಗೆ ದೀಕ್ಷೆ ಕೊಟ್ಟ ಅಯ್ಯನವರನ್ನು ಕೇಳಿಬರುತ್ತೇನೆ ಎಂದರು. ಅತ್ತೆ ಮಗನನ್ನು ನೋಡಿದರು, ಆಮೇಲೆ ನನ್ನನ್ನು.

"ನೀ ಹೋಗಿ ಕೇಳಿ ಬರೂತನಾ ನಾ ಇರಬೇಕಲ್ಲೋ? ಹುಡುಗಿ, ಕೈ ತೊಳಕೊಂಡು ಬಾ."

ತೊಳೆದುಕೊಂಡು ಬಂದೆ. ಅಂಗೈ ಮೇಲೆ ಲಿಂಗವಿಟ್ಟು ಅವರ ಕಣ್ಣಿನ ಮಟ್ಟಕ್ಕೆ ಹಿಡಿದೆ. ಅವರು ಹೇಳಿದಂತೆ ಬಲಗೈಯಿಂದ ವಿಭೂತಿ ಹಚ್ಚಿದೆ, ನೀರೆರೆದೆ. ಅವರು ನೋಡುತ್ತ ಹೋದರು. ತೋಳು ಸೋತು ಬಿದ್ದುಹೋಗುತ್ತದೆ ಎನಿಸಿದಾಗ, "ಆತು. ಏನ್ ತಂದೀ ಉಣ್ಣಾಕ?" ಎಂದರು.

ಉಂಡರು. ಪೂರ್ತಿ ಅರ್ಧ ರೊಟ್ಟಿ, ಬೇಳೆ, ಮೊಸರು. ಆಮೇಲೆ ಪುಡಿ. ನಾನು ಬೋಗುಣಿ ಹಿಡಿದು ಕಾದೆ.

ಏನೂ ಬರಲಿಲ್ಲ.

ಅಂದಿನಿಂದ ಮಕ್ಕಳನ್ನು ಶಾಲೆಗೆ ಹೊರಡಿಸುವುದು ನಮ್ಮವರ ಪಾಲಾಯಿತು, ಮುಂಜಾನೆಯ ಪೂಜೆ ನನ್ನ ಪಾಲಾಯಿತು. ಕಂದಲಗಾಂವದವಳಿಗೆ ಬೇರೆ ಡಬ್ಬಿ ಕಟ್ಟಿದೆ. ಅವಳ ಬಾಯಿಂದಲೇ ನಮ್ಮ ಅತ್ತೆ ಉಳಿದದ್ದು. ಅಯ್ಯನವರು ಅಕ್ಕಲಕೋಟೆಯಿಂದ ನೋಡಲು ಬಂದಾಗ ನಾನು ಅಂಗೈ ಚಾಚಿ ಕೂತಿದ್ದೆ. ಬೈಯುತ್ತಾರೇನೋ ಎಂದುಕೊಂಡೆ. "ನಡೀಲಿ ನಡೀಲಿ, ಊಟ ತಣ್ಣಗಾದೀತು" ಎಂದು ಹೊರಗೆ ಹೋಗಿ ಕೂತರು.

ಕೆಲವು ವಾರಗಳಲ್ಲಿ ಬಾಯಿಗೆ ರುಚಿ ಬಂತು. ರುಚಿ ಬಂದದ್ದೇ ತಡ, ಬೇಳೆಗೆ ಒಗ್ಗರಣೆ ಸಾಲದು ಎಂದು ದೂರು ಶುರು. ಇಷ್ಟು ಸಂತೋಷದಿಂದ ನಾನು ಬೈಸಿಕೊಂಡದ್ದು ಹಿಂದೆಂದೂ ಇಲ್ಲ. ಎರಡನೇ ಗ್ರಾಫ್ಟ್ ಮಾಡಿದರು. ಡ್ರೆಸಿಂಗ್ ಬಿಚ್ಚಿದ ದಿನ ಡಾಕ್ಟರರು ಬಹಳ ಹೊತ್ತು ಬಾಗಿ ನೋಡಿ, ನನ್ನನ್ನು ಕರೆದು ತೋರಿಸಿದರು. ತೆಳು ಗುಲಾಬಿ ಬಣ್ಣದ ಚರ್ಮ, ಅಂಚಿಗೆ ಅಂಚು ಕೂಡಿತ್ತು.

ಜಸ್ತವೇ ಗುಣ ಮಾಡಿತೆಂದು ನಾನು ಹೇಳಲಾರೆ. ಡಾಕ್ಟರರೂ ಹೇಳಲಿಲ್ಲ, ಪುಡಿ, ಊಟ, ಅವರ ಗಟ್ಟಿ ಜೀವ, ಎಲ್ಲ ಸೇರಿತು ಎಂದರು. ನನಗೆ ಅಷ್ಟು ಸಾಕು.

ಈಗ ವಿಶ್ರಾಂತಿಗೆಂದು ಅಕ್ಕಲಕೋಟೆಯ ಅವರ ತವರುಮನೆಯಲ್ಲಿದ್ದೇವೆ. ಕುತ್ತಿಗೆ ಬಿಗಿಯುತ್ತದೆ, ಚಳಿಗೆ ಎದೆ ತುರಿಸುತ್ತದೆ. ಎಡಗೈಯ ಬೆರಳುಗಳು ಬಾಗಿಯೇ ಇವೆ. ದಿನಾ ಎಣ್ಣೆ ಹಚ್ಚಿ ನೀವುತ್ತೇನೆ. ಪೂರ್ತಿ ಬಿಚ್ಚಿಕೊಳ್ಳಲಿಕ್ಕಿಲ್ಲ ಎಂದು ಡಾಕ್ಟರರು ಮೊದಲೇ ಹೇಳಿದ್ದಾರೆ.

ನಿನ್ನೆ ಅತ್ತೆ ತಾವೇ ಲಿಂಗವನ್ನು ತಮ್ಮ ಅಂಗೈಯಲ್ಲಿಟ್ಟುಕೊಂಡು ನೋಡಿದರು. ಬಾಗಿದ ಬೆರಳುಗಳ ನಡುವೆ ಅದು ಜಾರದೆ ಕೂತಿತು. ಎಲ್ಲರೂ ಖುಷಿಪಟ್ಟರು, ನಾನೂ ಪಟ್ಟೆ. ಆದರೆ ಕೈ ಬರಿದಾದಂತೆ ಅನಿಸಿದ್ದೂ ನಿಜ. ಇಂದು ಬೆಳಿಗ್ಗೆ ನನ್ನ ಅಗತ್ಯವಿಲ್ಲವಲ್ಲ ಎಂದು ಒಲೆಯ ಮುಂದೆಯೇ ರೊಟ್ಟಿ ತಟ್ಟುತ್ತ ಕೂತಿದ್ದೆ.

"ಎಲ್ಲಿ ಹೋದಿ? ಕೈ ತಗೊಂಡು ಬಾ," ಎಂದು ಕೂಗಿದರು.

"ನಿಮ್ಮ ಕೈ ಬಂತಲ್ರಿ ಅತ್ತೀ."

"ಬಂದ್ರ ಬರ್ಲಿ. ನಿನ್ನ ಕೈಯಾಗ ನೋಡಿದ್ರನ ನನಗ ಹಸಿವಾಗತೈತಿ."

ಹಿಟ್ಟಿನ ಕೈ ತೊಳೆದುಕೊಂಡು ಅವರ ಮುಂದೆ ಹೋಗಿ ಕೂತೆ.