‘ಇಲ್ಲ’ ಎನ್ನದ ನಿರೂಪಕಿ

ಆಕಾಶವನ್ನು ಅಳೆದವರು, ಅದರ ಬಗ್ಗೆ ಗ್ರಂಥ ಬರೆದವರು, ಬರೆದ ಗ್ರಂಥಕ್ಕೆ ತಾವೇ ಬಿಡುಗಡೆ ಸಮಾರಂಭ ಏರ್ಪಡಿಸಿಕೊಂಡವರು ಖಗೋಳ ಕ್ಷೇತ್ರದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಗುಮ್ಮಟದ ಕತ್ತಲಲ್ಲಿ ನಿಂತು, ಮುಖ ತೋರಿಸದೆ, ಬರೀ ದನಿಯಿಂದಲೇ ಆ ಆಕಾಶವನ್ನು ಜನರ ಮಡಿಲಿಗೆ ಇಳಿಸಿದವರು ನಮ್ಮ ತಾರಾಲಯದ ಹಿರಿಯ ನಿರೂಪಕಿಯವರೊಬ್ಬರೇ. ಊರಿನ ಅರ್ಧ ಜನ ಅವರ ದನಿ ಕೇಳಿ ಬೆಳೆದವರು, ಬೀದಿಯಲ್ಲಿ ಎದುರಾದರೆ ಗುರುತು ಹಿಡಿಯಲಾರರು. ಮಕ್ಕಳು ಅವರಿಗಿಟ್ಟ ಹೆಸರು ಕತ್ತಲಕ್ಕ. ಕಚೇರಿಯಲ್ಲೂ ಆ ಹೆಸರೇ ನಿಂತಿತು. ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು.

ಈ ಅಭಿನಂದನ ಗ್ರಂಥದ ಬೇರೆ ಲೇಖನಗಳು ಅವರನ್ನು ‘ಜ್ಞಾನದ ದೀಪ’ ಎಂದು ಹೊಗಳಿರಬಹುದು. ಹಾಗೆ ಬರೆದ ಮಹನೀಯರು ಒಂದು ಪ್ರದರ್ಶನವನ್ನೂ ಪೂರ್ತಿ ಕೂತು ನೋಡಿರಲಾರರು. ದೀಪವೆಂದರೆ ಕತ್ತಲಕ್ಕನವರಿಗೆ ಆಗದು. ನಕ್ಷತ್ರಗಳು ಮೂಡಿದ ಮೇಲೆ ಬಾಗಿಲು ತೆರೆದು ಬೆಳಕು ಬಿಟ್ಟವರು ಎಂಥ ದೊಡ್ಡ ಮನುಷ್ಯರಾಗಲಿ, “ಸ್ವಾಮಿ, ಒಂದು ಗ್ಯಾಲಕ್ಸಿ ಅಳಿಸಿಬಿಟ್ರಲ್ಲ” ಎಂದು ಮೈಕಿನಲ್ಲೇ ಹೇಳಿ ಬೆವರಿಳಿಸುತ್ತಿದ್ದರು.

ಸೇವೆಗೆ ಸೇರಿದ ಹೊಸತರಲ್ಲಿ ಅವರ ಕೈಗೆ ಬಂದ ನಿರೂಪಣೆಯಲ್ಲಿ, ಭೂಮಿಯನ್ನು ಬಿಟ್ಟರೆ ಇನ್ನೆಲ್ಲೂ ಜೀವಿಗಳಿಲ್ಲ ಎಂಬ ಒಂದು ಸಾಲಿತ್ತು. ಮೇಲಿನವರು ಬರೆದದ್ದು, ಓದಬೇಕು, ಓದಿದರು. ಹೀಗಿರುವಾಗ ಒಂದು ಬೆಳಿಗ್ಗೆ ಮನೆಯಲ್ಲಿ, ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಅವರ ಯಜಮಾನರು ಅಡುಗೆಮನೆಯ ಬಾಗಿಲಲ್ಲೇ ನಿಂತು ಕತ್ತು ಚಾಚಿ, ಸಕ್ಕರೆ ಡಬ್ಬ ಇಲ್ಲ ಎಂದು ಘೋಷಿಸಿದರು. ಕತ್ತಲಕ್ಕನವರು ಬಂದು ಅವರ ಮೂಗಿನ ಮುಂದಿನಿಂದಲೇ ಡಬ್ಬ ತೆಗೆದು ಕೈಗಿತ್ತರು.

“ಊರಿಗೆಲ್ಲ ಕನ್ನಡಕ ಕೊಡ್ತೀರಿ,” ಎಂದರು. “ಇಲ್ಲ ಅನ್ಬೇಡಿ. ಕಂಡಿಲ್ಲ ಅನ್ನಿ.”

ಯಜಮಾನರು ನಕ್ಕು ಚಹಾ ಕುಡಿದು ಅಂಗಡಿಗೆ ಹೋದರು. ಕತ್ತಲಕ್ಕನವರಿಗೆ ಮಾತ್ರ ಅಂದಿನ ಪ್ರದರ್ಶನದಲ್ಲಿ ಆ ಸಾಲಿನ ಹತ್ತಿರ ಬರುತ್ತಿದ್ದಂತೆ ನಾಲಿಗೆ ತೊಡರಿತು. ತಾವೂ ಬಾಗಿಲಲ್ಲೇ ನಿಂತು ಇಡೀ ಬ್ರಹ್ಮಾಂಡಕ್ಕೆ ‘ಇಲ್ಲ’ ಎನ್ನುತ್ತಿರುವುದು ಹೊಳೆದು, ಮನೆಯ ಮಾತನ್ನೇ ಮೈಕಿಗೆ ಹೇಳಿಬಿಟ್ಟರು: ಕಂಡಿಲ್ಲ. ಅಲ್ಲಿಂದ ಮುಂದೆ ಆ ಗುಮ್ಮಟದಲ್ಲಿ ‘ಇಲ್ಲ’ ಎಂಬ ಮಾತು ಕೇಳಿಬರಲಿಲ್ಲ. ಪ್ರದರ್ಶನ ಮುಗಿದ ಮೇಲೆ ದೀಪ ಹಾಕದೆ ಅರ್ಧ ಗಂಟೆ ಪ್ರಶ್ನೆಗಳಿಗೆ ಬಿಡುವ ಪದ್ಧತಿಯನ್ನು ಹಾಕಿಕೊಟ್ಟವರೂ ಅವರೇ. ಕತ್ತಲಲ್ಲಿ ಕೇಳುವವರ ಮುಖ ಕಾಣುವುದಿಲ್ಲವಾದ್ದರಿಂದ ದಡ್ಡ ಪ್ರಶ್ನೆ ಎಂಬುದೇ ಇರುವುದಿಲ್ಲವೆಂದು ಅವರ ವಾದ.

ಶಾಲೆಯ ಮಕ್ಕಳನ್ನು ಇಳಿಸಿ ಹೊರಗೆ ಬಿಸಿಲಲ್ಲಿ ಕಾಯುತ್ತಿದ್ದ ಬಸ್ ಚಾಲಕರನ್ನು ಒಳಗೆ ಕರೆದು ಕೂರಿಸಿದವರು ಅವರು. ಶಾಲೆಯನ್ನು ಅರ್ಧಕ್ಕೇ ಬಿಟ್ಟು ನಕ್ಷತ್ರ ಮೂಡಿಸುವ ಯಂತ್ರದ ಕೋಣೆಗೆ ಕೆಲಸಕ್ಕೆ ಬಂದ, ಮೂಗಿನ ತುದಿಯಲ್ಲೇ ಸಿಟ್ಟಿದ್ದ ಒಬ್ಬಾತ, ಪರಭಾಷೆಯ ಕೈಪಿಡಿ ಅರ್ಥವಾಗದೆ ಬಾಗಿಲಿಗೆ ಒದ್ದಾಗ, “ಬಾಗಿಲಿಗೆ ಎಷ್ಟು ಬೇಕಾದ್ರೂ ಒದಿ, ಯಂತ್ರ ಮುಟ್ಟಬೇಡ. ಬಾ, ಇಬ್ಬರೂ ಓದೋಣ” ಎಂದವರೂ ಅವರೇ. ಊಟದ ಬಿಡುವಿನಲ್ಲಿ ಪುಟಪುಟವಾಗಿ ಅವರು ಕನ್ನಡದಲ್ಲಿ ಹೇಳಿಕೊಟ್ಟರು. ಆತನೇ ಈ ಲೇಖನ ಬರೆದಿರುವುದು. ತಪ್ಪುಗಳಿದ್ದರೆ ಅವು ಶಾಲೆಯವು, ಅವರವಲ್ಲ.

ಒಮ್ಮೆ ಹಲ್ಲಿಯೊಂದು ಯಂತ್ರದ ಮಸೂರದ ಮೇಲೆ ಹತ್ತಿತು. ಗುಮ್ಮಟದ ತುಂಬ, ಗ್ಯಾಲಕ್ಸಿಗಳನ್ನು ತುಳಿಯುತ್ತ, ಬಾಲವಿರುವ ಮಹಾಕಾಯವೊಂದು ನಡೆದುಬಂತು. ಬೇರೆ ಲೋಕದಿಂದ ಯಾರೋ ಬಂದೇಬಿಟ್ಟರೆಂದು ಮಕ್ಕಳು ಕುರ್ಚಿ ಹತ್ತಿ ಕೂಗಿದರು. ಕತ್ತಲಕ್ಕನವರ ದನಿ ಒಂದಿಷ್ಟೂ ಅಲುಗಲಿಲ್ಲ: “ಗಾಬರಿ ಬೇಡ. ಇವರು ನಮ್ಮವರೇ.”

ನಗು ಅಡಗಿದ ಮೇಲೆ ಅವರು ಹೇಳಿದ ಮಾತು ಅಷ್ಟೇ ದೊಡ್ಡದು. ಹಲ್ಲಿಗೆ ಈ ಗುಮ್ಮಟ ಏನೆಂದು ಗೊತ್ತಿಲ್ಲ. ಬೆಚ್ಚಗಿದೆ ಅನ್ನುವುದಷ್ಟೇ ಅದಕ್ಕೆ ತಿಳಿದದ್ದು. ನಾವೂ ನಮ್ಮಂಥವರನ್ನೇ ಹುಡುಕುತ್ತಿದ್ದೇವೆ, ನಮ್ಮಂಥ ನೀರು, ನಮ್ಮಂಥ ಗಾಳಿ. ನಮ್ಮಂಥವರಲ್ಲದವರು ಎದುರಿಗೇ ನಿಂತಿದ್ದರೂ ನಮಗೆ ಬೆಚ್ಚಗಿದೆ ಅನ್ನಿಸೀತು, ಅಷ್ಟೇ. ದೂರದ ನಕ್ಷತ್ರವನ್ನು ನೋಡಿದರೆ ಕಾಣುವುದು ಅದರ ಹಳೆಯ ಬೆಳಕು. ಅಲ್ಲಿಂದ ಯಾರಾದರೂ ನಮ್ಮತ್ತ ನೋಡಿದರೆ ಅವರಿಗೆ ನಾವಿನ್ನೂ ಹುಟ್ಟಬೇಕಷ್ಟೇ. ಹೀಗೆ ಹೇಳುವಾಗ ಅವರ ದನಿಯಲ್ಲಿ ಸೋಲಿರುತ್ತಿರಲಿಲ್ಲ. ಇನ್ನೂ ಬಿಚ್ಚದ ಪೊಟ್ಟಣ ಹಿಡಿದವರ ಸಡಗರವಿರುತ್ತಿತ್ತು.

ನಿವೃತ್ತಿಗೆ ಎರಡು ವರ್ಷವಿರುವಾಗ ಹೊಸ ನಿರ್ದೇಶಕರು ಬಂದರು. ಆಕಾಶದಲ್ಲಿ ಅವರಿಗೆ ಗುರುತಾಗುತ್ತಿದ್ದದ್ದು ಚಂದ್ರನೊಂದೇ, ಅದೂ ಹುಣ್ಣಿಮೆಯಾದರೆ. ಬಂದವರೇ ಎಲ್ಲವನ್ನೂ ಧ್ವನಿಮುದ್ರಣಕ್ಕೆ ಹಾಕಬೇಕೆಂದರು. ಅನ್ಯಲೋಕದ ಜೀವಿಗಳ ಬಗೆಗಿನ ಕೊನೆಯ ಸಾಲು ‘ಹೌದು, ಅವರು ಇದ್ದಾರೆ!’ ಎಂದಿರಬೇಕು, ಓದುವ ದನಿ ಕತ್ತಲಕ್ಕನವರದೇ ಆಗಬೇಕು. ಒಪ್ಪದಿದ್ದರೆ ಗುಮ್ಮಟದಲ್ಲಿ ಅವರಿಗೆ ಕೆಲಸವೂ ಇಲ್ಲ, ಪ್ರಶ್ನೆಯ ಅರ್ಧ ಗಂಟೆಯೂ ಇಲ್ಲ.

“ಇದ್ರೆ ಎಲ್ಲರಿಗಿಂತ ಖುಷಿಪಡೋಳು ನಾನೇ ಸರ್,” ಎಂದರು ಕತ್ತಲಕ್ಕ. “ಆದ್ರೆ ಕಂಡಿಲ್ಲ.”

“ಕಂಡಿಲ್ಲ ಅಂತ ಕೇಳೋಕೆ ಯಾರು ಬರ್ತಾರೆ ಮೇಡಂ?”

“ಇಷ್ಟು ವರ್ಷ ಬಂದಿದಾರಲ್ಲ ಸರ್.”

ಮರುದಿನ ಅವರನ್ನು ಟಿಕೆಟ್ ಕಿಟಕಿಗೆ ಕೂರಿಸಲಾಯಿತು. ಜೀವಮಾನವೆಲ್ಲ ಕತ್ತಲನ್ನು ಕಾದವರು ಕಣ್ಣು ಕುಕ್ಕುವ ಕಿಟಕಿಯಲ್ಲಿ ಕೂತರು. ಇನ್ನು ಮಕ್ಕಳು ಯಾರನ್ನು ಕೇಳಬೇಕು ಎಂದು ಮಾತ್ರ ಯಜಮಾನರ ಹತ್ತಿರ ದಿನವೂ ಹೇಳಿಕೊಂಡರಂತೆ.

ಬಾಡಿಗೆಯ ಗಂಭೀರ ಕಂಠದ ಮುದ್ರಣ ಸಿದ್ಧವಾಯಿತು. ಮೊದಲ ಪ್ರದರ್ಶನಕ್ಕೆ ಗುಮ್ಮಟ ಭರ್ತಿ. ಸಂಗೀತ ಮೊಳಗಿತು, ನಕ್ಷತ್ರಗಳು ಸಿಡಿದವು, ಕಂಠ ಗುಡುಗಿತು: ಹೌದು, ಅವರು ಇದ್ದಾರೆ!

ಕತ್ತಲಲ್ಲಿ ಒಂದು ಪುಟ್ಟ ದನಿ ಕೇಳಿತು: “ಎಲ್ಲಿ?”

ಮುದ್ರಣ ಏನು ಹೇಳೀತು? ಇನ್ನೊಂದು ಮಗು ಎಲ್ಲಿ ಎಂದಿತು. ಆಮೇಲೆ ಒಬ್ಬ ಅಜ್ಜ. ಆಮೇಲೆ ಇಡೀ ಗುಮ್ಮಟ, ಸಾಲು ಸಾಲಾಗಿ, ಎಲ್ಲಿ, ಎಲ್ಲಿ ಎಂದು ಹಾಡಿನಂತೆ ಹಿಡಿದುಕೊಂಡಿತು. ನಿರ್ದೇಶಕರು ಕತ್ತಲಲ್ಲಿ ಎಡವುತ್ತ ಹೊರಗೋಡಿ, ಟಿಕೆಟ್ ಕಿಟಕಿಯ ಮುಂದೆ ನಿಂತು, ಬನ್ನಿ ಮೇಡಂ ಎಂದರು. ಕತ್ತಲಕ್ಕನವರು ಬಂದರು. ಮೈಕನ್ನೂ ಹಿಡಿಯಲಿಲ್ಲ.

“ಕಂಡಿಲ್ಲ ಮಕ್ಕಳೇ. ನಾವಿನ್ನೂ ಬಾಗಿಲು ದಾಟಿಲ್ಲ. ಬನ್ನಿ, ಎಲ್ಲೆಲ್ಲಿ ಹುಡುಕಬಹುದು, ನೀವೇ ಹೇಳಿ.”

ಅಂದು ಪ್ರಶ್ನೆಯ ಅರ್ಧ ಗಂಟೆ ಮುಗಿಯಲೇ ಇಲ್ಲ; ಮುಂದಿನ ಪ್ರದರ್ಶನಕ್ಕೆ ಸಾಲು ನಿಂತವರೂ ಒಳಗೆ ಬಂದು ನೆಲದ ಮೇಲೆ ಕೂತರು. ಮುದ್ರಣ ಪೆಟ್ಟಿಗೆ ಸೇರಿತು. ನಿರ್ದೇಶಕರು, ಇದೆಲ್ಲ ತಮ್ಮದೇ ಯೋಜನೆಯೆಂಬಂತೆ, ಪ್ರಶ್ನೆಯ ಸಮಯವನ್ನು ಕಾಯಂ ಮಾಡಿ ಆದೇಶ ಹೊರಡಿಸಿದರು; ಅದನ್ನು ನೇರ ನಿರೂಪಕರೇ ನಡೆಸಬೇಕೆಂದೂ ಬರೆದರು. ಕತ್ತಲಕ್ಕನವರು ನಿವೃತ್ತರಾದ ಮೇಲೆ, ಅವರ ಕೈಯಲ್ಲಿ ಪಳಗಿದ ಹೊಸ ನಿರೂಪಕಿ ಈಗ ಅಲ್ಲಿ ನಿಂತಿದ್ದಾರೆ. ಕತ್ತಲಕ್ಕನವರು ಭಾನುವಾರ ಮಕ್ಕಳ ನಡುವೆ ಕೂತು, ಇಷ್ಟು ದಿನ ಉತ್ತರ ಹೇಳಿ ಸಾಕಾಗಿದೆ ಎನ್ನುತ್ತ, ಎಲ್ಲರಿಗಿಂತ ಕಠಿಣವಾದ ಪ್ರಶ್ನೆ ಕೇಳುತ್ತಾರೆ.

ನೂರು ವರ್ಷ ಬಾಳಲಿ ಎಂದು ಹಾರೈಸುವುದು ವಾಡಿಕೆ. ಅವರು ಹಿಡಿದ ಕೆಲಸಕ್ಕೆ ನೂರು ಸಾಲದು. ಆಚೆಯಿಂದ ಯಾರಾದರೂ ಬರುವವರೆಗೂ ಅವರು ಗಟ್ಟಿಮುಟ್ಟಾಗಿರಲಿ, ಕೇಳುತ್ತಿರಲಿ. ಬಂದವರನ್ನು ದೊಡ್ಡವರು ಹಾರ ಹಾಕಿ ಕೆಡಿಸುವ ಮೊದಲೇ ನಾವು ನಮ್ಮ ಗುಮ್ಮಟಕ್ಕೆ ಕರೆತಂದು, ದೀಪ ಆರಿಸಿ, ಕತ್ತಲಕ್ಕನವರ ಪಕ್ಕ ಕೂರಿಸುತ್ತೇವೆ. ಕತ್ತಲಕ್ಕನವರು ಬಂದವರನ್ನು ಕೇಳುವುದು ಒಂದೇ ಪ್ರಶ್ನೆ:

“ನಿಮ್ಮ ಕಡೆ ಮಕ್ಕಳು ನಮ್ಮ ಬಗ್ಗೆ ಕೇಳಿದಾಗ ಏನಂತಿದ್ರಿ? ಇಲ್ಲ ಅಂತಿದ್ರೋ, ಕಂಡಿಲ್ಲ ಅಂತಿದ್ರೋ?”