ಓಟಿಲ್ಲದ ಮನೆಗೆ ಬಂದ ಫೆರಿ ಆಂಟಿ

ಸಿಯಾಟಲ್‌ನಿಂದ ರಾತ್ರಿಯ ಕಡೆಯ ಫೆರಿ ದೋಣಿ ತಪ್ಪದೆ ಬರುತ್ತಿದ್ದ ಕಾಲ ಅದು. ನಮ್ಮ ದ್ವೀಪಕ್ಕೆ ಸೇತುವೆ ಇಲ್ಲ. ಸಿಯಾಟಲ್‌ನ ಡೆನ್ನಿ ಟ್ರಯಾಂಗಲ್ ಬಡಾವಣೆಯ ಆಫೀಸಿನಿಂದ ಅಪ್ಪ ಮನೆ ಸೇರುತ್ತಿದ್ದದ್ದು ಆ ಫೆರಿಯಲ್ಲೇ. ಅವರ ಜಾಕೆಟ್ಟಿಗೆ ಅಂಟಿರುತ್ತಿದ್ದ ಉಪ್ಪುಗಾಳಿ, ಡೀಸೆಲ್‌ಗಳ ವಾಸನೆಯೇ ನನ್ನ ಪಾಲಿಗೆ ಅಪ್ಪನ ವಾಸನೆ. ನಾನು ಐದನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಆ ಫೆರಿ ನಿಲ್ಲಿಸುತ್ತಾರಂತೆ ಎಂಬ ಸುದ್ದಿ ಹಬ್ಬಿತು. ಹಾಗಾದರೆ ಸಿಯಾಟಲ್ ಪಕ್ಕದ ನ್ಯೂಕ್ಯಾಸಲ್‌ಗೆ ಮನೆ ಬದಲಾಯಿಸೋಣ ಎಂದುಬಿಟ್ಟರು ಅಪ್ಪ. ನನ್ನ ಗೆಳತಿಯರು, ರಸ್ತೆ ಬದಿಯ ಬ್ಲ್ಯಾಕ್‌ಬೆರಿ ಪೊದೆಗಳು, ಎಲ್ಲ ಬಿಟ್ಟು ಹೋಗಬೇಕಲ್ಲ ಎಂದು ನಾನು ಊಟ ಬಿಟ್ಟು ಅತ್ತೆ.

ವರಮಹಾಲಕ್ಷ್ಮಿ ಹಬ್ಬದ ದಿನ ರಾಜ್ಯದ ಶಾಸನಸಭೆಗೆ ನಿಂತಿದ್ದ ಹೆಂಗಸೊಬ್ಬರು ನಮ್ಮ ಬೀದಿಗೆ ಓಟು ಕೇಳಲು ಬಂದರು. ಅಕ್ಕಪಕ್ಕದ ಮನೆಗಳಿಗೆ ಹೋದರು, ನಮ್ಮನೆ ಬಿಟ್ಟರು. ಅಮ್ಮನಿಗೆ ಕೋಪ ಬಂತು.

"ನಮ್ಮನೆ ಏನ್ರೀ ಮಾಡಿತ್ತು?"

"ನಮಗೆ ಓಟಿಲ್ಲ ಕಣೆ. ಇನ್ನೂ ಗ್ರೀನ್ ಕಾರ್ಡೇ ಬಂದಿಲ್ಲ," ಅಂದರು ಅಪ್ಪ.

"ಓಟಿಲ್ದಿದ್ರೆ ಏನಂತೆ, ಕುಂಕುಮ ಇದೆಯಲ್ಲ. ಪುಟ್ಟಿ, ಓಡು, ಕರ್ಕೊಂಡ್ ಬಾ."

ರೇಷ್ಮೆ ಲಂಗ ಎತ್ತಿಕೊಂಡು ಬರಿಗಾಲಲ್ಲಿ ಓಡಿದೆ. ಅವರು ನಗುತ್ತಲೇ ಬಂದರು. ಕುಂಕುಮ ಇಡಿಸಿಕೊಂಡರು, ಹೂವೂ ಮುಡಿದರು. ಆದರೆ ಅಮ್ಮ ತೆಂಗಿನಕಾಯಿ, ರವಿಕೆ ಕಣ ಇಟ್ಟು ತಾಂಬೂಲ ಕೊಡಲು ಹೋದಾಗ ಎರಡು ಹೆಜ್ಜೆ ಹಿಂದೆ ಸರಿದರು.

"ಗ್ರೀನ್ ಕಾರ್ಡ್ ಇಲ್ಲದ ನಮ್ಮಂಥೋರ ಹತ್ರ ಏನೂ ತಗೋಬಾರ್ದಂತೆ ಅಮ್ಮ. ತಗೊಂಡ್ರೆ ಎಲೆಕ್ಷನ್‌ಗೆ ಡೊನೇಶನ್ ಕೊಟ್ಟ ಹಾಗಾಗತ್ತಂತೆ. ರೂಲ್ಸಂತೆ," ಎಂದು ಅವರ ಇಂಗ್ಲಿಷನ್ನು ಅಮ್ಮನಿಗೆ ತಿರುಗಿಸಿ ಹೇಳಿದೆ.

"ತಾಂಬೂಲಾನ ಬೇಡ ಅನ್ನೋ ಹಾಗಿಲ್ಲ, ಅದೂ ರೂಲ್ಸೇ ಅಂತ ಹೇಳು."

ಎರಡು ದೇಶಗಳ ಕಾನೂನು ನಮ್ಮ ಹಾಲ್‌ನಲ್ಲಿ ಎದುರುಬದುರು ನಿಂತಿತ್ತು, ನಡುವೆ ಅನುವಾದಕಿಯಾಗಿ ನಾನು. ಖುಷಿಗೆ ನನ್ನ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ಅಮ್ಮ ಒಂದು ಕ್ಷಣ ಯೋಚಿಸಿ, "ಇಲ್ಲೇ ಕೂತು ತಿಂದ್ರೆ?" ಅಂದಳು. ಉತ್ತರಕ್ಕೂ ಕಾಯದೆ ಮೆಟ್ಟಿಲಿಗೆ ಕುಟ್ಟಿ ಕಾಯಿ ಒಡೆದಳು.

ಅವರು ಜೋರಾಗಿ ನಕ್ಕು ಕುಳಿತೇಬಿಟ್ಟರು. ಕಾಯಿ ತಿಂದರು, ತುಪ್ಪ ಸುರಿದ ಒಬ್ಬಟ್ಟು ತಿಂದರು. ಆಗ ಅಮ್ಮ ಕಡೆಯ ಫೆರಿಯ ವಿಷಯ ತೆಗೆದಳು. ಅವರು ಅಗಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡರು. ಗೆದ್ದರೆ ಶಾಸನಸಭೆಯಲ್ಲಿ ತಾನು ಆಡುವ ಮೊದಲ ಮಾತೇ ಇದು ಎಂದರು. ಕುಂಕುಮ ಅಳಿಸದೆ ಮುಂದಿನ ಮನೆಗೆ ಹೋದರು.

ನವೆಂಬರಿನಲ್ಲಿ ಅವರು ಗೆದ್ದಾಗ ನಾನು ಸೋಫಾದ ಮೇಲೆ ಕುಣಿದೆ, ಅಪ್ಪ ಬೈಯಲಿಲ್ಲ. ಅವರು ಸದನದಲ್ಲಿ ಮಾತಾಡುವುದನ್ನು ಅಮ್ಮ ಒಲೆ ಆರಿಸಿ ಬಂದು ಕಂಪ್ಯೂಟರಿನಲ್ಲಿ ನೋಡುತ್ತಿದ್ದಳು. ಫೆರಿ ಉಳಿಯಿತು, ನಾವೂ ಉಳಿದೆವು. ಅವರು ಮತ್ತೆ ಮತ್ತೆ ಗೆದ್ದರು. ಪ್ರತಿ ವರಮಹಾಲಕ್ಷ್ಮಿಗೂ ನಮ್ಮನೆಗೆ ಬಂದು ಅಲ್ಲೇ ಕೂತು ಕಾಯಿ ತಿನ್ನುತ್ತಿದ್ದರು. ನನಗೆ ಅವರು ಫೆರಿ ಆಂಟಿಯಾದರು.

ಈಗ ಸಿಬ್ಬಂದಿ ಇಲ್ಲವೆಂದು ಕಡೆಯ ಫೆರಿ ಎಷ್ಟೋ ದಿನ ಬರುವುದೇ ಇಲ್ಲ. ನಾವು ಈ ದೇಶದ ಪ್ರಜೆಗಳಾದ ಮೇಲೆ ಚುನಾವಣೆಗೆ ನಿಂತವರೆಲ್ಲ ನಮ್ಮನೆ ಬೆಲ್ ಒತ್ತುತ್ತಾರೆ, ಯಾರೂ ಒಳಗೆ ಬಂದು ಕೂರುವುದಿಲ್ಲ. ನಮಗೆ ಓಟು ಬರುವ ಹೊತ್ತಿಗೆ ಫೆರಿ ಆಂಟಿ ರಾಜಕೀಯ ಬಿಟ್ಟು ದೂರದಲ್ಲಿರುವ ಮಗಳ ಊರು ಸೇರಿದ್ದರು.

ನಮ್ಮ ಮೊದಲ ಮತಪತ್ರ ಅಂಚೆಯಲ್ಲಿ ಬಂದ ದಿನ ಅಮ್ಮ ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದಳು. ಪೆನ್ನು ಎತ್ತಲೇ ಇಲ್ಲ.

"ಇನ್ನೊಂದ್ ಸಲ ನಿಲ್ಬೇಕಿತ್ತು ಕಣೆ ನಿನ್ನ ಫೆರಿ ಆಂಟಿ," ಅಂದಳು. "ಕಾಯಿ ಬಿಟ್ರೆ ನಮ್ ಕೈಯಿಂದ ಏನೂ ಕೊಡಕ್ಕಾಗ್ಲಿಲ್ಲ."