ಸೀಸೆಗಳಿಗೂ ಒಂದೊಂದು ಬೊಟ್ಟು

ಕೇಳ್ರಪ್ಪ, ಇವತ್ತು ಚಿಂತಾಮಣಿಯ ನಮ್ಮ ಲ್ಯಾಬಿನಲ್ಲಿ ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಮೇಲೂರಿನ ರೇಷ್ಮೆಗೂಡಿನಿಂದ ತೆಗೆದ ಅಮೈನೋ ಆಮ್ಲಗಳು ತಾವಾಗಿ ಹೊಳೆಯುವುದಿಲ್ಲ. ಹೊಳೆಯುವ ಬಣ್ಣವೊಂದನ್ನು ಅಂಟಿಸಿ ಕೊಟ್ಟರೆ ಯಂತ್ರ ಅವನ್ನು ಬೇರ್ಪಡಿಸಿ, ಹೊಳಪು ನೋಡಿ ಅಳೆಯುತ್ತದೆ. ಇವತ್ತು ನೋಡಿದರೆ ಅಮೈನೋ ಆಮ್ಲವನ್ನೇ ಹಾಕದ ಸೀಸೆಯೂ ಹೊಳೆಯುತ್ತಿದೆ.

ಯಂತ್ರದಿಂದ ಸೀಸೆಗಳ ತಟ್ಟೆ ಎಳೆದು ನೋಡಿದೆ. ಪ್ರತಿ ಸೀಸೆಯ ರಬ್ಬರ್ ಮುಚ್ಚಳದ ಮೇಲೆ ಅರಿಶಿನದ ಬೊಟ್ಟು. ಯಂತ್ರದ ಸೂಜಿ ಚುಚ್ಚಿಕೊಂಡು ಒಳಗಿಳಿಯುವುದು ಅಲ್ಲಿಂದಲೇ. ಅರಿಶಿನವೋ, ಯಂತ್ರ ಹಾಯಿಸುವ ಬೆಳಕಿಗೆ ತಾನೇ ಹೊಳೆಯುವ ವಸ್ತು.

"ಇದೇನು ವನಜಕ್ಕ?" ಎಂದೆ. ಅವರು ನಮ್ಮ ಹಿರಿಯ ಸಂಶೋಧಕಿ, ರಸಾಯನಶಾಸ್ತ್ರದಲ್ಲೇ ಡಾಕ್ಟರೇಟ್ ಮಾಡಿದವರು.

"ಶುಕ್ರವಾರ ಅಲ್ವೇನಮ್ಮ, ಮಿಷನ್‌ಗೆ ಪೂಜೆ ಮಾಡ್ದೆ. ಹೋದ ವಾರ ನಿನ್ ಸ್ಯಾಂಪಲ್ ಒಂದೂ ಹೊಳೀಲಿಲ್ಲ ಅಂತ ಅಳ್ತಿದ್ಯಲ್ಲ, ಅದಕ್ಕೇ ಸೀಸೆಗಳ್ಗೂ ಒಂದೊಂದು ಬೊಟ್ಟು ಇಟ್ಟೆ."

"ಇದ್ದಿದ್ದೇ ಅಷ್ಟು ಸ್ಯಾಂಪಲ್ ಅಕ್ಕ. ಎಲ್ಲಾ ಹಾಳಾಯ್ತು."

ಅವರು ಪರದೆಯತ್ತ ಬಗ್ಗಿ ನೋಡಿದರು. "ಈಗ ಹೊಳೀತಾ ಐತೆ ತಾನೆ?"

ಹೊಳೆಯುತ್ತಿತ್ತು. ಪೂಜೆ ಫಲಿಸಿತ್ತು. ಗೂಡು ತರಲು ನಾಳೆ ನಾನು ಮತ್ತೆ ಮೇಲೂರಿನ ಬಸ್ಸು ಹತ್ತಬೇಕು.